ಭೂಲೋಕಮಲ್ಲ ಸೋಮೇಶ್ವರನೂ ಅವನ ಮಲ್ಲವಿದ್ಯೆಯೂ

ಬೀದರ ಎಂದೊಡನೆ ಹೊರನಾಡಿನವರಿಗೆ ನೆನಪಾಗುವುದು ಬಹಮನಿ ಸುಲ್ತಾನರ ಕೋಟೆ, ಮಹಮೂದ ಗಾವಾನನ ಮದರಸಾ ಮತ್ತು ಬಿದರಿ ಕುಸುರಿಕೆಲಸ. ಕಲ್ಯಾಣ ಎಂದೊಡನೆ ನೆನಪಾಗುವುದು ಬಸವಣ್ಣನವರೂ ಅವರ ಶರಣ ಸಮೂಹವೂ. ಇದು ಸಹಜವೇ ಆಗಿದೆ. ಆದರೆ ಶರಣರ ಕಾಲಕ್ಕೆ ಒಂದು ತಲೆಮಾರು ಮೊದಲು ಇದೇ ಕಲ್ಯಾಣದ ಸಿಂಹಾಸನದ ಮೇಲೆ ಕುಳಿತು, ಕತ್ತಿಗಿಂತ ಕಂಠಪತ್ರವನ್ನು ಹೆಚ್ಚಾಗಿ ಪ್ರೀತಿಸಿದ ಒಬ್ಬ ದೊರೆಯಿದ್ದನು. ಅವನೇ ಕಲ್ಯಾಣ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಕುಸ್ತಿಪಟುವಿನ ಊಟದಿಂದ ಹಿಡಿದು ಅವನ ಸಾಧನೆಯವರೆಗೆ ಎಲ್ಲವನ್ನೂ ಗ್ರಂಥಸ್ಥಗೊಳಿಸಿದ ಈ ಅರಸನನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳೇ ಅಷ್ಟಾಗಿ ಅರಿಯದಿರುವುದು ವಿಷಾದದ ಸಂಗತಿ. ಅವನ ಜೀವಿತವನ್ನೂ, ಮಲ್ಲವಿದ್ಯೆಯ ವಿಷಯದಲ್ಲಿ ಅವನ ಗ್ರಂಥದಿಂದ ನಾವು ಕಲಿಯಬಹುದಾದುದನ್ನೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಭಾಲ್ಕಿಗೆ ನೈಋತ್ಯದಲ್ಲಿರುವ ಇಂದಿನ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಆತನಿಗೆ ಆಹವಮಲ್ಲ, ತ್ರೈಲೋಕ್ಯಮಲ್ಲ ಎಂಬ ಬಿರುದುಗಳಿದ್ದವು. ಅವನ ಹಿರಿಯ ಮಗ ಎರಡನೆಯ ಸೋಮೇಶ್ವರನು ಭುವನೈಕಮಲ್ಲ. ಕಿರಿಯ ಮಗ ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ. ನಮ್ಮ ಕಥಾನಾಯಕನು ವಿಕ್ರಮಾದಿತ್ಯನ ಮಗ, ಇವನು ಭೂಲೋಕಮಲ್ಲ. ಇವನ ಮಗನು ಜಗದೇಕಮಲ್ಲ. ಹೀಗೆ ಈ ವಂಶದ ಅರಸರು ತಲೆತಲಾಂತರದಿಂದ ತಮ್ಮನ್ನು ಮಲ್ಲರೆಂದು ಕರೆಯಿಸಿಕೊಂಡರು. ಆಹವವೆಂದರೆ ಯುದ್ಧ. ಯುದ್ಧದ ಮಲ್ಲನೆಂಬ ಬಿರುದನ್ನು ಧರಿಸಿದ ಅಜ್ಜನು ಚೋಳರೊಡನೆ ಜೀವಮಾನವೆಲ್ಲ ಕಾದಾಡಿದನು. 1054ರ ಸುಮಾರಿನ ಕೊಪ್ಪಂ ಕದನದಲ್ಲಿ ಚೋಳ ದೊರೆ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅಂತಹ ಅಜ್ಜನ ಮೊಮ್ಮಗನು ಮಲ್ಲನೆಂಬ ಬಿರುದನ್ನು ಧರಿಸಿ, ಮಲ್ಲವಿದ್ಯೆಯನ್ನು ವಿನೋದಗಳ ಸಾಲಿನಲ್ಲಿ ಕೂರಿಸಿ ಗ್ರಂಥ ಬರೆದದ್ದು ವಿಚಾರಮಾಡತಕ್ಕ ವಿಷಯವಾಗಿದೆ.

ತಂದೆ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿ ಸುಮಾರು 50 ವರ್ಷ ಆಳಿದನು. ತನ್ನ ಹೆಸರಿನಲ್ಲಿಯೇ ಒಂದು ಶಕೆಯನ್ನು ಪ್ರಾರಂಭಿಸಿದನು. ಅವನ ಆಸ್ಥಾನದಲ್ಲಿ ಕಾಶ್ಮೀರದ ಕವಿ ಬಿಲ್ಹಣನಿದ್ದನು. ಹಿಂದೂ ನ್ಯಾಯಶಾಸ್ತ್ರಕ್ಕೆ ಆಧಾರವಾದ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನಿದ್ದನು. ಹುಮನಾಬಾದ ಬಳಿಯ ಜಲಸಂಗಿಯ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ಕಲ್ಲಿನ ಮೇಲೆ ಬರೆಯುತ್ತಿರುವ ಶಾಸನವು ಈ ವಿಕ್ರಮಾದಿತ್ಯನ ಕೀರ್ತಿಯನ್ನೇ ಸಾರುತ್ತದೆ. ಇಂತಹ ವಿದ್ವದ್ವಾತಾವರಣದಲ್ಲಿ ಬೆಳೆದ ಸೋಮೇಶ್ವರನು 1126ರ ಸುಮಾರಿಗೆ ರಾಜ್ಯಭಾರವನ್ನು ವಹಿಸಿಕೊಂಡನು. ಆಳಿದ್ದು ಹನ್ನೆರಡು ವರ್ಷ ಮಾತ್ರ. ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂಬ ಸಂಸ್ಕೃತ ಗದ್ಯಕಾವ್ಯವಾಗಿ ರಚಿಸಲು ತೊಡಗಿದನು. ಅದು ನಮಗೆ ಅಪೂರ್ಣವಾಗಿಯೇ ದೊರೆತಿದೆ. ಅವನ ಪಾಂಡಿತ್ಯವನ್ನು ಮೆಚ್ಚಿ ಲೋಕವು ಅವನನ್ನು ಸರ್ವಜ್ಞಚಕ್ರವರ್ತಿ ಎಂದು ಕರೆಯಿತು.

ಅವನ ಕೀರ್ತಿಗೆ ಮುಖ್ಯ ಕಾರಣವಾದುದು ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿ ಎಂಬುದು ಇದರ ಇನ್ನೊಂದು ಹೆಸರು. ಶಕವರ್ಷ 1051, ಎಂದರೆ ಕ್ರಿ.ಶ. 1129ರ ಸುಮಾರಿಗೆ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳೂ, ಒಂದೊಂದರಲ್ಲಿ ಇಪ್ಪತ್ತರಂತೆ ಒಟ್ಟು 100 ಅಧ್ಯಾಯಗಳೂ ಇವೆ. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಪಡಿಸುವ ಬಗೆ, ರಾಜನ ಉಪಭೋಗಗಳು, ವಿನೋದಗಳು, ಕ್ರೀಡೆಗಳು ಎಂಬುದು ಅದರ ವಿಷಯಕ್ರಮ. ಅಡುಗೆಯಿಂದ ಚಿತ್ರಕಲೆಯವರೆಗೆ, ಆನೆ ಕುದುರೆಗಳಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಇಂದಿನ ಇಡ್ಲಿ ದೋಸೆಗಳ ಪೂರ್ವಜರೂ ಅದರಲ್ಲಿ ಸಿಕ್ಕುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನ ಮತ್ತು ಬರೋಡೆಯ ಪ್ರಾಚ್ಯ ಗ್ರಂಥಮಾಲೆಗಳು ಅದನ್ನು ಅಚ್ಚುಹಾಕಿಸಿದ ಮೇಲೆ ವಿದ್ವಾಂಸರ ಕಣ್ಣು ಅದರ ಮೇಲೆ ವಿಶೇಷವಾಗಿ ಬಿದ್ದಿತು.

ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಅಂಕವಿನೋದ ಮತ್ತು ಮಲ್ಲವಿನೋದ ಎಂಬ ಎರಡು ಅಧ್ಯಾಯಗಳು ಒಂದರ ಹಿಂದೊಂದು ಬರುತ್ತವೆ. ಅಂಕವೆಂದರೆ ಆಯುಧಪಾಣಿಗಳಾದ ಇಬ್ಬರು ರಾಜನ ಸಮಕ್ಷಮದಲ್ಲಿ ಮಾಡುವ ದ್ವಂದ್ವ ಯುದ್ಧ. ಭೂಮಿಗಾಗಿ, ಬಿರುದಿಗಾಗಿ, ವೈರಕ್ಕಾಗಿ ಅಂಕವು ಏರ್ಪಡುತ್ತಿತ್ತು. ಅಲ್ಲಿ ಪ್ರಾಣವೇ ಪಣ. ಮಲ್ಲವಿನೋದವಾದರೋ ಬರಿಗೈಯ ಕಾಳಗ. ಅಲ್ಲಿ ಬಲವೂ ಪಟ್ಟೂ ಪರೀಕ್ಷೆಗೆ ಒಳಗಾಗುತ್ತವೆಯೇ ಹೊರತು ಕೊಲ್ಲುವುದು ಗುರಿಯಲ್ಲ. ಅಂಕವೆಂಬ ಮಾತು ಕನ್ನಡದಲ್ಲಿ ಸತ್ತಿಲ್ಲ. ಕರಾವಳಿಯ ಜನ ಕೋಳಿಗಳ ಜಗಳವನ್ನು ಈಗಲೂ ಕೋಳಿ ಅಂಕವೆಂದೇ ಕರೆಯುತ್ತಾರೆ. ಮನುಷ್ಯರು ಪ್ರಾಣದ ಹಂಗು ತೊರೆದು ಇಳಿಯುತ್ತಿದ್ದ ಕಣದ ಹೆಸರು ಕೋಳಿಗಳ ಪಾಲಿಗೆ ಬಂದಿತು.

ಮಲ್ಲವಿನೋದದಲ್ಲಿ ಸೋಮೇಶ್ವರನು ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳಿಗೆ ಅನುಗುಣವಾಗಿ ವಿಂಗಡಿಸುತ್ತಾನೆ. ಮೇಲ್ದರ್ಜೆಯವನಿಗೆ ಜ್ಯೇಷ್ಠಿಕನೆಂದು ಹೆಸರು. ನಮ್ಮ ಜಟ್ಟಿ ಎಂಬ ಪದದ ಮೂಲವೂ ಈ ಜ್ಯೇಷ್ಠಿ ಶಬ್ದವೇ ಎಂಬುದು ವಿದ್ವಾಂಸರ ಮತ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳನ್ನು ಒದಗಿಸುವುದು ಅರಸನ ಹೊಣೆ. ಅವರು ಅಂತಃಪುರದ ಸ್ತ್ರೀಯರಿಂದ ದೂರವಿದ್ದು ದೇಹಸಾಧನೆಯೊಂದರಲ್ಲಿಯೇ ನಿರತರಾಗಿರಬೇಕು. ಇನ್ನು ಸಾಧನೆಯ ಕ್ರಮ: ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಹೆಣಗುವ ಬಾಹುಪೆಲ್ಲಣಶ್ರಮ, ಕಂಬವನ್ನು ಆಶ್ರಯಿಸಿದ ಸ್ತಂಭಶ್ರಮ. ಕೊನೆಯದರಲ್ಲಿ ಇಂದಿನ ಮಲ್ಲಕಂಬದ ಪೂರ್ವರೂಪವನ್ನು ಅನೇಕರು ಕಾಣುತ್ತಾರೆ.

ಈ ಪಟ್ಟಿಯನ್ನು ತುಸು ನಿಧಾನಿಸಿ ನೋಡಬೇಕು. ಐದು ಶ್ರಮಗಳಲ್ಲಿ ನಾಲ್ಕನ್ನು ಮಲ್ಲನು ಒಬ್ಬನೇ ಮಾಡಬಹುದು. ಮರಳಿನ ಮೂಟೆ, ದಾರಿ, ನೀರು, ಕಂಬ, ಇವು ಅವನನ್ನು ದಣಿಸುತ್ತವೆ. ಆದರೆ ಇವು ಯಾವುವೂ ಅವನಿಗೆ ಮೋಸಮಾಡುವುದಿಲ್ಲ, ಅವನ ಯೋಚನೆಯನ್ನು ಮುಂದಾಗಿ ಊಹಿಸುವುದಿಲ್ಲ. ಬಾಹುಪೆಲ್ಲಣ ಒಂದರಲ್ಲಿ ಮಾತ್ರ ಎದುರಿಗೆ ಇನ್ನೊಂದು ಜೀವವಿದೆ, ಅದಕ್ಕೊಂದು ಇಚ್ಛೆಯಿದೆ. ಒಂಟಿ ಅಭ್ಯಾಸವೊಂದರಿಂದಲೇ ಮಲ್ಲನು ಸಿದ್ಧನಾಗುವನೆಂದು ಸೋಮೇಶ್ವರನು ಬಗೆಯಲಿಲ್ಲ. ಒಂಟಿ ಅಭ್ಯಾಸವು ವ್ಯರ್ಥವೆಂದೂ ಬಗೆಯಲಿಲ್ಲ. ಎರಡಕ್ಕೂ ಅವುಗಳ ಸ್ಥಾನವನ್ನು ಕೊಟ್ಟನು.

ಈ ವಿಚಾರವು ಎಂಟುನೂರು ವರ್ಷಗಳ ತರುವಾಯ ಭೂಮಂಡಲದ ಇನ್ನೊಂದು ಮೂಲೆಯಲ್ಲಿ ತಲೆದೋರಿತು. ಇಂದು ನಮ್ಮ ಊರುಗಳಲ್ಲಿಯೂ ಹುಡುಗ ಹುಡುಗಿಯರು ಕರಾಟೆ ಕಲಿಯುತ್ತಿರುವುದರಿಂದ ಆ ಕಥೆಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಓಕಿನಾವಾ ದ್ವೀಪದ ಶಿಕ್ಷಕ ಗಿಚಿನ್ ಫುನಾಕೋಶಿಯು 1922ರಲ್ಲಿ ಟೋಕಿಯೋ ನಗರಕ್ಕೆ ಹೋಗಿ ಕರಾಟೆಯನ್ನು ಪ್ರದರ್ಶಿಸಿದನು. ಅವನ ಬೋಧನೆಯ ತಿರುಳು ಕಟಾ. ಕಟಾ ಎಂದರೆ ಎದುರಾಳಿಯು ಕಣ್ಣಮುಂದೆ ಇದ್ದಾನೆಂದು ಭಾವಿಸಿ, ಹೊಡೆತ ತಡೆತಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬನೇ ಮಾಡುವ ಅಭ್ಯಾಸ. ಸ್ಪರ್ಧೆಗಳಲ್ಲಿ ಅವನಿಗೆ ಒಲವಿರಲಿಲ್ಲ. ಅವನು ತೀರಿಕೊಂಡ 1957ರಲ್ಲಿಯೇ ಅವನ ಪರಂಪರೆಯ ಜಪಾನ್ ಕರಾಟೆ ಸಂಘವು ಅಖಿಲ ಜಪಾನ್ ಸ್ಪರ್ಧೆಯನ್ನು ಮೊದಲಬಾರಿಗೆ ನಡೆಸಿತು. 2021ರಲ್ಲಿ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಕಟಾ ಒಂದು ಸ್ಪರ್ಧೆ, ಎದುರಾಳಿಯೊಡನೆ ಸೆಣಸುವ ಕುಮಿತೆ ಇನ್ನೊಂದು ಸ್ಪರ್ಧೆ ಎಂದು ಎರಡಾಗಿ ನಡೆದವು. ಒಂದೇ ವಿದ್ಯೆಯ ಎರಡು ಅಂಗಗಳು ಬೇರೆ ಬೇರೆ ಪದಕಗಳಿಗೆ ದುಡಿಯತೊಡಗಿದವು. ಕಟಾ ಮಾಡುವವನು ಅಂದಕ್ಕೂ ಬಿಗುವಿಗೂ ಅಂಕ ಗಳಿಸುತ್ತಾನೆ. ಸೆಣಸುವವನು ನಿಯಮದೊಳಗಿನ ಹೊಡೆತಕ್ಕೆ ಅಂಕ ಗಳಿಸುತ್ತಾನೆ. ಬೀದಿಯಲ್ಲಿ ಮೇಲೆ ಬೀಳುವ ದುಷ್ಟನಿಗಾದರೋ ಈ ಎರಡು ನಿಯಮಾವಳಿಗಳೂ ತಿಳಿದಿರುವುದಿಲ್ಲ. ಹಾಗಾದರೆ ಹಳೆಯ ಕಟ್ಟುಪಾಡಿನ ಅಭ್ಯಾಸದಿಂದ ನಿಜವಾದ ಹೊಡೆದಾಟದಲ್ಲಿ ಪ್ರಯೋಜನವುಂಟೆ?

ಇದಕ್ಕೆ ಮಾನಸೋಲ್ಲಾಸವು ಎರಡು ರೀತಿಯಲ್ಲಿ ಉತ್ತರ ಕೊಡುತ್ತದೆ. ಸೋಮೇಶ್ವರನು ಮಲ್ಲರ ಪಟ್ಟುಗಳ ಹೆಸರುಗಳನ್ನು ಹೇಳುತ್ತಾನೆ. ಆದರೆ ಅವುಗಳನ್ನು ಹಾಕುವ ಬಗೆಯನ್ನು ವಿವರಿಸುವುದಿಲ್ಲ. ಅವನ ಕಾಲದ ಓದುಗರಿಗೆ ವಿವರಣೆಯ ಅವಶ್ಯಕತೆಯಿರಲಿಲ್ಲ. ಕಲ್ಯಾಣದ ಮಲ್ಲರು ದಿನವೂ ಅವುಗಳನ್ನು ಹಾಕುತ್ತಿದ್ದರು. ಇಂದು ನಮ್ಮ ಕೈಯಲ್ಲಿ ಹೆಸರುಗಳಿವೆ, ಪಟ್ಟುಗಳಿಲ್ಲ. ಪಂಡಿತರು ಶಬ್ದದ ವ್ಯುತ್ಪತ್ತಿಯನ್ನು ಹೇಳಬಲ್ಲರು. ಆ ಪಟ್ಟಿನಿಂದ ಒಬ್ಬ ಹುಡುಗನನ್ನು ನೆಲಕ್ಕೆ ಕೆಡವಲಾರರು. ಎದುರಾಳಿಯಿಲ್ಲದೆ ಉಳಿದ ಕಟಾದ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಕೈ ಚಲಿಸುತ್ತದೆ, ಏಕೆ ಚಲಿಸುತ್ತದೆಂಬುದು ಮರೆತುಹೋಗುತ್ತದೆ. ಇದು ಮೊದಲನೆಯ ಉತ್ತರ.

ಎರಡನೆಯದು ಗ್ರಂಥದ ರಚನೆಯಲ್ಲಿಯೇ ಇದೆ. ದುರ್ಗ, ಸೈನ್ಯ, ದಂಡಯಾತ್ರೆಗಳನ್ನು ಸೋಮೇಶ್ವರನು ರಾಜ್ಯವನ್ನು ಸ್ಥಿರಪಡಿಸುವ ಎರಡನೆಯ ವಿಂಶತಿಯಲ್ಲಿ ನಿರೂಪಿಸುತ್ತಾನೆ. ಮಲ್ಲರನ್ನು ನಾಲ್ಕನೆಯದರಲ್ಲಿ, ಗೀತ ನೃತ್ಯಗಳ ಸಂಗಡ ಇರಿಸುತ್ತಾನೆ. ಯುದ್ಧವು ಬೇರೆ, ಪಂದ್ಯವು ಬೇರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ವಿನೋದವೆಂದು ಕರೆದ ಮಾತ್ರಕ್ಕೆ ಅವನು ಅದನ್ನು ಹಗುರವಾಗಿ ಎಣಿಸಲಿಲ್ಲ. ಹಗುರವಾಗಿ ಎಣಿಸಿದ್ದರೆ ಮಲ್ಲನ ಅನ್ನ, ವ್ಯಾಯಾಮ, ಬ್ರಹ್ಮಚರ್ಯಗಳ ಬಗೆಗೆ ಇಷ್ಟು ಶ್ರದ್ಧೆ ಏತಕ್ಕೆ?

ವಿನೋದವು ಯುದ್ಧವಾಗುವುದೂ, ಯುದ್ಧವು ವಿಧಿಯಾಗಿ ಉಳಿಯುವುದೂ ನಮ್ಮ ನಾಡಿನಲ್ಲಿಯೇ ನಡೆದಿದೆ. ಪೋರ್ತುಗೀಸ ಪ್ರವಾಸಿ ದೊಮಿಂಗೋ ಪಾಯಿಸನು 1520ರ ಆಸುಪಾಸಿನಲ್ಲಿ ವಿಜಯನಗರದ ಮಹಾನವಮಿಯನ್ನು ನೋಡಿದಾಗ ಅಲ್ಲಿಯ ಮಲ್ಲರು ಹಲ್ಲು ಮುರಿಯುವಂತೆ, ಕಣ್ಣು ಕೀಳುವಂತೆ ಗುದ್ದಾಡುತ್ತಿದ್ದರಂತೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಅದೇ ಪರಂಪರೆಗೆ ಸೇರಿದುದು. ಅಲ್ಲಿ ತಲೆಯಿಂದ ಮೊದಲ ರಕ್ತಬಿಂದು ಕಾಣಿಸಿದೊಡನೆ ಕಾಳಗವು ಮುಗಿಯುತ್ತದೆ. ಮುಗಿಯುವ ಮೊದಲಿನ ಕ್ಷಣಗಳು ಮಾತ್ರ ಸುಳ್ಳಲ್ಲ. ಎದುರಿಗಿರುವವನು ನಿಜವಾಗಿಯೂ ಹೊಡೆಯುತ್ತಾನೆ ಎಂಬ ಅರಿವೇ ಆ ವಿಧಿಗೆ ಜೀವ ತುಂಬುತ್ತದೆ.

ಪುನಃ ನಮ್ಮ ದೊರೆಯ ಜೀವಿತಕ್ಕೆ ಬರೋಣ. ಅವನ ಆಳ್ವಿಕೆಯಲ್ಲಿ ಸಾಮ್ರಾಜ್ಯವು ವಿಸ್ತಾರಗೊಳ್ಳಲಿಲ್ಲ. ತಂದೆಯು ಹಿಡಿತಕ್ಕೆ ತಂದಿದ್ದ ವೆಂಗಿ ನಾಡು ಚೋಳರ ಪಾಲಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ಸಾಮಂತನಾಗಿ ಬೆಳೆಯುತ್ತಿದ್ದನು. ಸೋಮೇಶ್ವರನು 1138ರಲ್ಲಿ ಕಾಲವಾದನು. ಅನಂತರ ಇಮ್ಮಡಿ ಜಗದೇಕಮಲ್ಲನು ಆಳಿದನು. ಇವನೂ ತಂದೆಯಂತೆ ವಿದ್ವಾಂಸನಾಗಿದ್ದು ಸಂಗೀತಚೂಡಾಮಣಿಯನ್ನು ರಚಿಸಿದನು. ಸೋಮೇಶ್ವರನು ಗತಿಸಿ ಕಾಲು ಶತಮಾನ ಕಳೆಯುವುದರೊಳಗೆ ಕಳಚುರಿ ಬಿಜ್ಜಳನು ಕಲ್ಯಾಣವನ್ನು ಕೈವಶಮಾಡಿಕೊಂಡನು. ಮಲ್ಲರೆಂಬ ಬಿರುದು ಪಟ್ಟವನ್ನು ಉಳಿಸಲಿಲ್ಲ.

ಇದನ್ನು ಕಂಡು, ಮಲ್ಲರ ಕುಣಿತ ನೋಡುತ್ತ ಕುಳಿತ ಅರಸನಿಂದಲೇ ರಾಜ್ಯವು ಕೆಟ್ಟಿತೆಂದು ಹೇಳುವವರಿದ್ದಾರೆ. ಈ ತೀರ್ಮಾನವು ನ್ಯಾಯವಾದುದಲ್ಲ. ಸಾಮಂತರ ಪ್ರಾಬಲ್ಯವು ಅವನ ತಂದೆಯ ಕಾಲದಲ್ಲಿಯೇ ಬೇರೂರಿತ್ತು. 1118ರಲ್ಲಿ ಕಣ್ಣೇಗಾಲದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನು ಚಾಲುಕ್ಯ ಸೈನ್ಯವನ್ನು ಸೋಲಿಸಿದಾಗ ಸಿಂಹಾಸನದ ಮೇಲಿದ್ದವನು ಮಹಾವೀರನಾದ ವಿಕ್ರಮಾದಿತ್ಯನೇ. ಅಖಾಡದ ಬಲವು ಯುದ್ಧದಲ್ಲಿ ಗೆಲ್ಲಿಸಲಿಲ್ಲವೆಂದು ಅಖಾಡವನ್ನು ದೂಷಿಸಲಾಗದು. ಯುದ್ಧವನ್ನು ಗೆಲ್ಲುವುದು ಅದರ ಕೆಲಸವೆಂದು ಸೋಮೇಶ್ವರನು ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಮನುಷ್ಯನನ್ನು ದೃಢಕಾಯನನ್ನಾಗಿ, ಸಂಯಮಿಯನ್ನಾಗಿ, ಬಿದ್ದರೂ ಏಳಬಲ್ಲವನನ್ನಾಗಿ ಮಾಡುವುದು ಅದರ ಕೆಲಸ. ಅಂತಹವನು ಆಪತ್ಕಾಲದಲ್ಲಿ ದಿಕ್ಕೆಟ್ಟು ನಿಲ್ಲುವ ಸಂಭವ ಕಡಿಮೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾವ ಗುರುವೂ ಕೊಡಬಾರದು.

ಬೀದರ, ಭಾಲ್ಕಿ, ಔರಾದ ಸೀಮೆಯ ಜಾತ್ರೆಗಳಲ್ಲಿ ಜಂಗಿ ಕುಸ್ತಿಗಳು ನಡೆಯುತ್ತವೆ. ತೆಂಗಿನಕಾಯಿಗಾಗಿ ಎಳೆಯರು ಹಿಡಿಯುತ್ತಾರೆ, ಬೆಳ್ಳಿಯ ಕಡಗಕ್ಕಾಗಿ ಹೆಸರಾಂತ ಪೈಲವಾನರು ಹಿಡಿಯುತ್ತಾರೆ. ಆ ಮಣ್ಣಿನಲ್ಲಿ ಹುಡುಗನು ಹಾಕುವ ಪಟ್ಟಿಗೆ ಸಂಸ್ಕೃತ ಹೆಸರು ತಿಳಿಯದಿರಬಹುದು. ಆದರೆ ಅದನ್ನು ತಪ್ಪಿಸಿಕೊಳ್ಳಲು ಹವಣಿಸುವ ಇನ್ನೊಬ್ಬ ಹುಡುಗನು ಎದುರಿಗೆ ಇರುವವರೆಗೆ ಆ ವಿದ್ಯೆ ಬದುಕಿರುತ್ತದೆ. ಕರಾಟೆ ಕಲಿಯುವ ನಮ್ಮ ಸಹೋದರ ಸಹೋದರಿಯರೂ ಈ ಮಾತನ್ನು ಮನಗಾಣಬೇಕು. ಕಟಾವನ್ನು ಬಿಡಬೇಡಿರಿ, ಅದು ಹಿಂದಿನವರು ಕಟ್ಟಿಕೊಟ್ಟ ಬುತ್ತಿ. ಆದರೆ ಅದರ ಒಂದೊಂದು ಚಲನೆಯನ್ನೂ ಜೊತೆಗಾರನ ತೋಳಿನ ಮೇಲೆ ಪರೀಕ್ಷಿಸಿ ನೋಡಿರಿ. ಪದಕಕ್ಕೆ ಸಿಕ್ಕಿದ ಅಂಕವನ್ನು ಪ್ರಾಣರಕ್ಷಣೆಯ ಪ್ರಮಾಣಪತ್ರವೆಂದು ಭ್ರಮಿಸಬೇಡಿರಿ.

ಸೋಮೇಶ್ವರನ ಅರಮನೆಯಿಲ್ಲ, ಅವನ ಮಲ್ಲರಿಲ್ಲ. ಅವನ ಪುಸ್ತಕವು ಮಾತ್ರ ಉಳಿದಿದೆ. ಅವನು ಬರೆದಿಟ್ಟ ಐದು ಶ್ರಮಗಳನ್ನು ಓದುವುದು ಸುಲಭ. ಅವುಗಳಲ್ಲಿ ಒಂದನ್ನಾದರೂ ನಿತ್ಯವೂ ಆಚರಣೆಗೆ ತರುವುದು ಕಷ್ಟ. ಕಲ್ಯಾಣದ ಮಣ್ಣಿನಲ್ಲಿ ಹುಟ್ಟಿದ ನಾವು ಆ ಕಷ್ಟವನ್ನು ಕೈಕೊಂಡರೆ ಭೂಲೋಕಮಲ್ಲನ ಋಣವು ಕಿಂಚಿತ್ತಾದರೂ ತೀರಿದಂತಾಗುವುದು.