ಚಂಡಾಶೋಕನ ಅಳುಕು

ಚಳ್ಳಕೆರೆಯನ್ನು ದಾಟಿ ಉತ್ತರಕ್ಕೆ ಮೊಳಕಾಲ್ಮೂರು ಸೀಮೆಯನ್ನು ಹೊಕ್ಕರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳು ಸಿಗುತ್ತವೆ. ಈ ಮೂರೆಡೆಗಳ ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಉಗ್ರನೆನಿಸಿದ ಅರಸನೊಬ್ಬನ ಒಳಗಿನ ಅಳುಕನ್ನು ಅರಿಯಲು ಈ ಕಲ್ಲುಗಳು ಒಳ್ಳೆಯ ಸಾಧನಗಳಾಗಿವೆ.

ಅಶೋಕನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಕ್ರಿ. ಪೂ. 268ರ ಸುಮಾರಿಗೆ ಪಟ್ಟಾಭಿಷಿಕ್ತನಾದನು. ಅಶೋಕಾವದಾನವೆಂಬ ಬೌದ್ಧ ಗ್ರಂಥದ ಪ್ರಕಾರ ಅವನ ಮೈಚರ್ಮವು ಒರಟಾಗಿದ್ದು, ಹೆತ್ತ ತಂದೆಗೇ ಅವನು ಬೇಡವಾಗಿದ್ದನು. ಅಂತಃಪುರದ ಸ್ತ್ರೀಯರು ಅವನ ಸ್ಪರ್ಶಕ್ಕೆ ಹೇಸಿ, ಅವನ ಹೆಸರನ್ನೇ ಹೊತ್ತ ಅಶೋಕವೃಕ್ಷದ ಹೂಕೊಂಬೆಗಳನ್ನು ತರಿದುಹಾಕಿದರಂತೆ. ಅದನ್ನು ಸಹಿಸದೆ ಐನೂರು ಮಂದಿಯನ್ನು ಸುಡಿಸಿ ಚಂಡಾಶೋಕನೆನಿಸಿದನೆಂದು ಕಥೆ. ಮುಂದಣ ಧರ್ಮಾಶೋಕನನ್ನು ಬೆಳಗಿಸಲು ಕಥೆಗಾರರು ಹಿಂದಣವನಿಗೆ ಮಸಿ ಬಳಿದಿರಬಹುದು. ಆದರೂ ಲೋಕವನ್ನು ನಡುಗಿಸಿದವನು ಕನ್ನಡಿಗೆ ಅಂಜುತ್ತಿದ್ದನೆಂಬ ಸೂಕ್ಷ್ಮವು ಅವರಿಗೆ ಹೊಳೆದುದು ಸಾಮಾನ್ಯವಲ್ಲ.

ಕಥೆಯನ್ನು ಬಿಟ್ಟು ಕಲ್ಲಿಗೆ ಬರೋಣ. ಪಟ್ಟವೇರಿ ಎಂಟು ವರ್ಷಗಳಾದಾಗ ಅವನು ಕಳಿಂಗವನ್ನು ಗೆದ್ದನು. ಒಂದು ಲಕ್ಷ ಜನ ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ಯಲಾಯಿತೆಂದೂ, ಅದಕ್ಕಾಗಿ ತಾನು ಪರಿತಪಿಸಿದೆನೆಂದೂ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ತಿಳಿಸಿದ್ದಾನೆ. ವಿಚಿತ್ರವೆಂದರೆ, ಕಳಿಂಗದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳಲ್ಲಿ ಈ ಶಾಸನವಿಲ್ಲ. ಅದರ ಬದಲು ಬೇರೆ ಆದೇಶಗಳಿವೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡವರ ಕಣ್ಣೆದುರಿನಲ್ಲಿ ಆ ಲೆಕ್ಕವನ್ನು ಒಪ್ಪಿಸುವ ಎದೆಗಾರಿಕೆಯು ಚಕ್ರವರ್ತಿಗೂ ಬರಲಿಲ್ಲವೆಂದು ತೋರುತ್ತದೆ. ಪಶ್ಚಾತ್ತಾಪಪಟ್ಟರೂ ದಂಡಿಸುವ ಶಕ್ತಿ ತನಗಿದೆಯೆಂದು ಅಡವಿಯ ಜನರನ್ನು ಎಚ್ಚರಿಸಿರುವುದೂ ಆ ಶಾಸನದಲ್ಲಿಯೇ.

ಮೊಳಕಾಲ್ಮೂರಿನ ಬಂಡೆಗಳ ಧಾಟಿ ಬೇರೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ರಾಜಾಜ್ಞೆಯದು. ಉಪಾಸಕನಾಗಿ ಎರಡೂವರೆ ವರ್ಷಗಳು ಕಳೆದಿದ್ದರೂ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದು ದೊರೆಯು ಇಲ್ಲಿ ಒಪ್ಪಿಕೊಂಡಿದ್ದಾನೆ. ತಂದೆತಾಯಿಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯ, ಶಿಷ್ಯನು ಆಚಾರ್ಯನಿಗೆ ಸಲ್ಲಿಸಬೇಕಾದ ಗೌರವ ಇವು ಮುಂದಿನ ಮಾತುಗಳು. ತನ್ನ ಸೋಮಾರಿತನವನ್ನು ಮೊದಲು ಹೇಳಿ ಆಮೇಲೆ ಪರರಿಗೆ ಉಪದೇಶಿಸಿದ ಅರಸರು ವಿರಳ. ಲಿಪಿಕಾರ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕಾಣಿಸಿದ್ದಾನೆ.

ಕ್ರಿ. ಪೂ. 232ರ ಸುಮಾರಿಗೆ ಅಶೋಕನು ತೀರಿಕೊಂಡನು. ಕೊನೆಗಾಲದಲ್ಲಿ ಮಂತ್ರಿಗಳೂ ಯುವರಾಜನೂ ಭಂಡಾರದ ಬಾಗಿಲನ್ನು ಅವನಿಗೆ ಮುಚ್ಚಿದರೆಂದು ಅವದಾನವು ಹೇಳುತ್ತದೆ. ಕೈಯಲ್ಲುಳಿದಿದ್ದ ಅರ್ಧ ನೆಲ್ಲಿಕಾಯಿಯನ್ನು ಅವನು ಸಂಘಕ್ಕೆ ಕಳುಹಿಸಿಕೊಟ್ಟನಂತೆ.