ದೂರದ ನೆಲದಲ್ಲಿ ಮಲಗಿದ ಪೈಲಟ್: ಅಜ್ಜಮಾಡ ದೇವಯ್ಯ



ನವೆಂಬರ್ ಮೃತರ ಸ್ಮರಣೆಯ ತಿಂಗಳು. ನಾವು ಯುವಜನರು ಸಿಮಿತ್ರಿಯಲ್ಲಿ ಹುಲ್ಲು ತೆಗೆಯುತ್ತಿದ್ದಾಗ ಮೇಲೆ ಒಂದು ಹೆಲಿಕಾಪ್ಟರ್ ಹಾದುಹೋಯಿತು. ಕತ್ತಿ, ಹಾರೆ ಬಿಟ್ಟು ಎಲ್ಲರೂ ತಲೆ ಎತ್ತಿದೆವು. ಮಾತು ಪೈಲಟ್‌ಗಳ ಕಡೆಗೆ ಹೊರಳಿತು. 2025ರಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ನೋಡಿದವರು ಕೆಲವರಿದ್ದರು. ಆ ಕತೆಯ ಹಿಂದಿರುವ ನಿಜವಾದ ಪೈಲಟ್ ನಮ್ಮ ಪಕ್ಕದ ಕೊಡಗಿನವರು ಎಂಬುದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ಸಿನಿಮಾದಲ್ಲಿ ಹೆಸರು ಬದಲಾಗಿದೆ. ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ನಮ್ಮ ಅಡೂರಿನ ಪಯಸ್ವಿನಿ ಹೊಳೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮ ಬಳಿಗೆ ಬರುತ್ತದೆ. ಆ ಬೆಟ್ಟಗಳ ನಾಡಿನಲ್ಲೇ 1932ರ ಡಿಸೆಂಬರ್ 24ರಂದು ದೇವಯ್ಯನವರು ಹುಟ್ಟಿದರು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಮುಂದೆ ಎಳೆಯ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರೂ ಆದರು. ಪತ್ನಿ ಸುಂದರಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳ ಸಂಸಾರ ಅವರದು.

1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಶುರುವಾಯಿತು. ದೇವಯ್ಯನವರು ಪಂಜಾಬಿನ ಆದಂಪುರದಲ್ಲಿದ್ದ ‘ಟೈಗರ್ಸ್’ ಎಂಬ 1ನೇ ಸ್ಕ್ವಾಡ್ರನ್ ಸೇರಿಕೊಂಡರು. ಅಲ್ಲಿದ್ದದ್ದು ಫ್ರಾನ್ಸ್‌ನಲ್ಲಿ ತಯಾರಾದ ಮಿಸ್ಟೇರ್ ಎಂಬ ಯುದ್ಧವಿಮಾನ. ಆ ಕಾಲಕ್ಕೇ ಅದು ಸ್ವಲ್ಪ ಹಳೆಯದು. ಶಬ್ದದ ವೇಗದ ಹತ್ತಿರ ಹಾರುತ್ತಿತ್ತು, ಅಷ್ಟೇ. ಪಾಕಿಸ್ತಾನದ ಬಳಿ ಅಮೆರಿಕದ ಎಫ್-104 ಸ್ಟಾರ್‌ಫೈಟರ್ ಇತ್ತು. ಅದರ ವೇಗ ಶಬ್ದದ ವೇಗದ ಎರಡು ಪಟ್ಟು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಮರುದಿನ ಬೆಳಗಾಗುವಾಗ ಅವರ ದೊಡ್ಡ ನೆಲೆ ಸರ್ಗೋಧಾದ ಮೇಲೆ ಎರಗಲು 12 ಮಿಸ್ಟೇರ್‌ಗಳು ಸಿದ್ಧವಾದವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಸರ್ಗೋಧಾ ಮಿಸ್ಟೇರ್ ಹೋಗಿ ಬರಬಹುದಾದ ದೂರದ ಅಂಚಿನಲ್ಲಿತ್ತು. ಇಂಧನ ವ್ಯರ್ಥ ಮಾಡುವಂತಿರಲಿಲ್ಲ.

ಆ 12 ಮಂದಿಯಲ್ಲಿ ದೇವಯ್ಯನವರು ಇರಲಿಲ್ಲ. ಅವರು ಬದಲಿ ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಆ ಜಾಗ ತುಂಬಬೇಕು. ಅಂದು ಜಾಗ ಖಾಲಿಯಾಯಿತು, ದೇವಯ್ಯನವರು ಮುಂದೆ ಹೋದರು.

ದಾಳಿ ಮುಗಿಸಿ ಹಿಂದಿರುಗುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ತನ್ನ ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಆದರೂ ಅವರು ತಿರುಗಿ ನಿಂತು ಎದುರಿಸಿದರು.

ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇಲ್ಲೊಂದು ವಿಷಯ ಹೊಳೆಯುತ್ತದೆ. ವೇಗ ಎರಡು ಪಟ್ಟಾದರೆ, ಅಷ್ಟೇ ಬಲದಲ್ಲಿ ತಿರುಗಲು ನಾಲ್ಕು ಪಟ್ಟು ದೊಡ್ಡ ವೃತ್ತ ಬೇಕು. ಸ್ಟಾರ್‌ಫೈಟರ್‌ನ ರೆಕ್ಕೆಗಳೂ ತೀರಾ ಚಿಕ್ಕವು. ನೇರ ಓಟದಲ್ಲಿ ಅದನ್ನು ಮೀರಿಸಲು ಸಾಧ್ಯವೇ ಇರಲಿಲ್ಲ, ಆದರೆ ನಿಧಾನವಾಗಿ, ಬಿಗಿಯಾಗಿ ತಿರುಗುವ ಕಾದಾಟದಲ್ಲಿ ಹಳೆಯ ಮಿಸ್ಟೇರ್‌ಗೂ ಅವಕಾಶವಿತ್ತು. ದೇವಯ್ಯನವರು ಆ ಅವಕಾಶವನ್ನು ಬಿಡಲಿಲ್ಲ. ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ. ಆಗ ಅವರಿಗೆ 32 ವರ್ಷ.

ಇದ್ಯಾವುದೂ ನಮ್ಮವರಿಗೆ ಗೊತ್ತಾಗಲಿಲ್ಲ. ಜೊತೆಯವರು ಆ ಕಾದಾಟವನ್ನು ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ಗಂಡ ಬದುಕಿದ್ದಾರೋ ಇಲ್ಲವೋ, ಕೊನೆಯ ಗಳಿಗೆಯಲ್ಲಿ ಏನಾಯಿತೋ ತಿಳಿಯದೆ ಸುಂದರಿಯವರು ವರ್ಷಗಳನ್ನು ಕಳೆಯಬೇಕಾಯಿತು. ನಮ್ಮಲ್ಲಿ ಗಲ್ಫಿಗೆ ಹೋದ ಮಗನ ಫೋನ್ ಎರಡು ದಿನ ಬಾರದಿದ್ದರೆ ಅಮ್ಮಂದಿರಿಗೆ ಊಟ ಸೇರುವುದಿಲ್ಲ. ಆ ಕಾಯುವಿಕೆ ಹೇಗಿದ್ದಿರಬಹುದು, ಯೋಚಿಸಿ.

ಸತ್ಯ ಹೊರಬಂದದ್ದು ಎದುರಾಳಿಯ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ, 1979ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ ಸಂಗತಿ ಇತ್ತು. ಆ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ದೇವಯ್ಯನವರದು. ಲೆಕ್ಕ ತಾಳೆಯಾಯಿತು. ನಿವೃತ್ತರಾಗಿದ್ದ ತನೇಜಾ ಅವರು ತಮ್ಮ ಹಳೆಯ ಜೊತೆಗಾರನಿಗೆ ನ್ಯಾಯ ಸಿಗಬೇಕೆಂದು ಸರ್ಕಾರಕ್ಕೆ ಬರೆದರು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಎರಡನೇ ಅತಿದೊಡ್ಡ ಗೌರವ ಅದು. ಸುಂದರಿಯವರು ಅದನ್ನು ಸ್ವೀಕರಿಸಿದರು.

ದೇವಯ್ಯನವರ ದೇಹವನ್ನು ಅಲ್ಲಿನ ಹಳ್ಳಿಯವರೇ ಹೊಲದಲ್ಲಿ ಮಣ್ಣು ಮಾಡಿದರೆಂದು ಪಾಕಿಸ್ತಾನದ ಕಡೆಯಿಂದ ಬಂದ ಬರಹಗಳು ಹೇಳುತ್ತವೆ. ತಮ್ಮ ಮೇಲೆ ಬಾಂಬು ಹಾಕಲು ಬಂದವನೆಂದು ಅವರು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಸತ್ತವರನ್ನು ಮಣ್ಣು ಮಾಡುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆ ರೈತರು ಅದನ್ನು ಕಲಿಯದೆಯೇ ಮಾಡಿದರು.

ದೇವಯ್ಯನವರು ನಮ್ಮ ಧರ್ಮಸಭೆಯವರಲ್ಲ. ಆದರೂ ಅವರ ಬದುಕು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ನಮಗೆ ಆಗದವರು ಒಳ್ಳೆಯದು ಮಾಡಿದಾಗ ಅದನ್ನು ಬಾಯಿಬಿಟ್ಟು ಹೇಳುತ್ತೇವೆಯೇ? ವಾರ್ಡಿನ ಜಗಳ, ಗಡಿಯ ತಕರಾರು, ಪೂಜೆಗೆ ಯಾವ ಭಾಷೆ ಎಂಬ ಚರ್ಚೆ, ಇವುಗಳ ನಡುವೆ ಎದುರಿನವರ ಒಳ್ಳೆಯತನ ಕಂಡರೂ ನಾವು ಸುಮ್ಮನಾಗುತ್ತೇವೆ. ಸ್ವತಃ ನಾನೂ ಹಾಗೆ ಮಾಡಿದ್ದಿದೆ. ಎದುರಾಳಿಯ ಪಾಳೆಯದಿಂದ ಬಂದ ಆ ನಾಲ್ಕು ಸಾಲು ಇಲ್ಲದಿದ್ದರೆ ಒಂದು ಮನೆಗೆ ತನ್ನವನ ಕತೆಯೇ ಸಿಗುತ್ತಿರಲಿಲ್ಲ.

ಈ ತಿಂಗಳು ನಮ್ಮವರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವಾಗ ಒಂದು ಬತ್ತಿ ಹೆಚ್ಚಿಗೆ ತನ್ನಿ. ಸಿಮಿತ್ರಿಯ ಶಿಲುಬೆಯ ಬುಡದಲ್ಲಿ ಅದನ್ನು ಹಚ್ಚೋಣ. ಮನೆಯವರು ಹೋಗಿ ಹೂ ಇಡಲಾಗದಷ್ಟು ದೂರದಲ್ಲಿ ಮಲಗಿದವರಿಗಾಗಿ ಕನ್ನಡವೋ, ಕೊಂಕಣಿಯೋ, ಮಲಯಾಳವೋ, ಬಾಯಿಗೆ ಬಂದ ಭಾಷೆಯಲ್ಲಿ ಪ್ರಾರ್ಥಿಸೋಣ. ಅವರಿಗೆ ನಿತ್ಯ ವಿಶ್ರಾಂತಿ ದೊರೆಯಲಿ.

– ಯುವ ಸಂಚಾಲಕ