ನಂದಿಬೆಟ್ಟಕ್ಕೆ ವಿಶ್ರಾಂತಿಗೆ ಬಂದ ಗಾಂಧೀಜಿ



ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಾದ ನಮಗೆ ನಂದಿಬೆಟ್ಟ ಹೊಸದಲ್ಲ. ಭಾನುವಾರ ಬೆಳಗಿನ ಜಾವ ಮಂಜು ನೋಡಲು ಬೈಕ್ ಹತ್ತಿ ಹೋಗುವವರು ನಮ್ಮಲ್ಲೇ ಎಷ್ಟೋ ಮಂದಿ ಇದ್ದಾರೆ. ಇದೇ ಬೆಟ್ಟಕ್ಕೆ 1927ರ ಬೇಸಿಗೆಯಲ್ಲಿ 57 ವರ್ಷದ ಒಬ್ಬರು ರೋಗಿಯಾಗಿ ಬಂದಿದ್ದರು. ಆರೋಗ್ಯದ ಬಗ್ಗೆ ಅವರು ಪುಸ್ತಕವನ್ನೇ ಬರೆದಿದ್ದರು. ಊಟ, ನಿದ್ದೆ, ನಡಿಗೆಯ ಬಗ್ಗೆ ದೇಶಕ್ಕೆಲ್ಲ ಹೇಳುತ್ತಿದ್ದರು. ಆದರೂ ತಮ್ಮ ದೇಹವನ್ನೇ ಮಿತಿಮೀರಿ ದುಡಿಸಿ ಹಾಸಿಗೆ ಹಿಡಿದಿದ್ದರು. ಅವರು ಮಹಾತ್ಮ ಗಾಂಧಿ.

ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಬಾಲಕನಾಗಿದ್ದಾಗ ಅವರು ಬಹಳ ನಾಚಿಕೆ ಸ್ವಭಾವದವರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ವ್ಯಾಯಾಮ ಮತ್ತು ಕ್ರಿಕೆಟ್ಟನ್ನು ಕಡ್ಡಾಯ ಮಾಡಿದರೂ ಅವರಿಗೆ ಎರಡೂ ಇಷ್ಟವಿರಲಿಲ್ಲ. ಓದಿಗೂ ವ್ಯಾಯಾಮಕ್ಕೂ ಸಂಬಂಧವಿಲ್ಲವೆಂದು ಆಗ ಅವರು ನಂಬಿದ್ದರು. ಅದು ತಪ್ಪು ತಿಳಿವಳಿಕೆ ಎಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಆದರೆ ಬಯಲಿನಲ್ಲಿ ದೂರ ನಡೆಯುವುದು ಒಳ್ಳೆಯದೆಂದು ಎಲ್ಲೋ ಓದಿ, ಆ ಅಭ್ಯಾಸವನ್ನು ಮಾತ್ರ ಬೆಳೆಸಿಕೊಂಡಿದ್ದರು. ಅದು ಜೀವನಪೂರ್ತಿ ಅವರ ಕೈ ಹಿಡಿಯಿತು.

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದರು. ಮಾಂಸ ತಿನ್ನುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರಿಂದ ಮೊದಮೊದಲು ಹೊಟ್ಟೆ ತುಂಬುತ್ತಲೇ ಇರಲಿಲ್ಲ. ಊರೆಲ್ಲ ಅಲೆದು ಕೊನೆಗೆ ಒಂದು ಸಸ್ಯಾಹಾರಿ ಹೋಟೆಲ್ ಹುಡುಕಿಕೊಂಡರು. ಖರ್ಚು ಹೆಚ್ಚಾದಾಗ ಒಂದೇ ಕೋಣೆಯ ಬಾಡಿಗೆ ಮನೆಗೆ ಬಂದು, ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ ತಾವೇ ಮಾಡಿಕೊಂಡು ಕುಡಿಯತೊಡಗಿದರು. ಗಾಡಿಗೆ ಹಣ ಕೊಡುವ ಬದಲು ದಿನವೂ ಎಂಟು ಹತ್ತು ಮೈಲಿ ನಡೆಯುತ್ತಿದ್ದರು. ಈ ನಡಿಗೆಯಿಂದಲೇ ತಮಗೆ ಅಲ್ಲಿ ಕಾಯಿಲೆ ಬರಲಿಲ್ಲ, ಮೈ ಗಟ್ಟಿಯಾಯಿತು ಎಂದು ಅವರು ಬರೆದುಕೊಂಡಿದ್ದಾರೆ. ಗಮನಿಸಿ, ಆಗ ಅವರು ನಿಮ್ಮಂತೆಯೇ ಮನೆಯಿಂದ ದೂರವಿದ್ದ, ಕೈಯಲ್ಲಿ ಹೆಚ್ಚು ಹಣವಿಲ್ಲದ ಒಬ್ಬ ವಿದ್ಯಾರ್ಥಿ.

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ ಆಹಾರದ ಪ್ರಯೋಗಗಳು ಹೆಚ್ಚಿದವು. 1913ರಲ್ಲಿ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಲೇಖನಮಾಲೆ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಹಾಲನ್ನು ಬಿಟ್ಟಿದ್ದರು. ಆದರೆ ಗಾಂಧೀಜಿಯವರ ಎಲ್ಲ ಪ್ರಯೋಗಗಳೂ ಸರಿಯಾಗಿದ್ದವು ಎಂದು ಭಾವಿಸಬಾರದು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ದಿನಕ್ಕೆ ಇಪ್ಪತ್ತು ಮೈಲಿಯವರೆಗೂ ನಡೆಯುತ್ತ, ಹೆಚ್ಚಾಗಿ ಕಡಲೆಕಾಯಿ ಮತ್ತು ನಿಂಬೆಹಣ್ಣಿನ ಮೇಲೇ ಇದ್ದರು. ಹೊಟ್ಟೆ ಕೆಟ್ಟಿತು. ಅದು ವಾಸಿಯಾಗುವ ಮೊದಲೇ ಹಬ್ಬದ ದಿನ ಕಸ್ತೂರ್ಬಾ ಮಾಡಿದ ಸಿಹಿ ಗಂಜಿಯನ್ನು ನಾಲಿಗೆಯ ಆಸೆಗೆ ಹೊಟ್ಟೆತುಂಬ ತಿಂದರು. ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. ಔಷಧಿಯನ್ನೂ ಒಲ್ಲೆ ಎಂದರು. ಸಾವಿನ ಬಾಗಿಲಿನವರೆಗೆ ಹೋಗಿ ಬಂದರು.

ತಿಂಗಳುಗಟ್ಟಲೆ ಮೈಗೆ ಬಲ ಬರಲಿಲ್ಲ. ಹಾಲು ಕುಡಿಯದಿದ್ದರೆ ಆಗುವುದಿಲ್ಲವೆಂದು ಡಾಕ್ಟರು ಹೇಳಿದರು. ವ್ರತ ಮುರಿಯಲು ಗಾಂಧೀಜಿ ಸಿದ್ಧರಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಕಸ್ತೂರ್ಬಾ, ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು ತಾನೆ, ಮೇಕೆ ಹಾಲಿಗೆ ಏನು ಅಡ್ಡಿ ಎಂದು ಕೇಳಿದರು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಕೊರಗು ಅವರಿಗೆ ಇದ್ದೇ ಇತ್ತು. ಆದರೆ ಮೇಕೆ ಹಾಲು ಅವರನ್ನು ಎಬ್ಬಿಸಿ ಕೂರಿಸಿತು.

ಗಾಂಧೀಜಿಯವರ ಆರೋಗ್ಯ ನೋಡಿಕೊಂಡವರಲ್ಲಿ ಎಲ್ಲ ಧರ್ಮದವರೂ ಇದ್ದರು. ದೆಹಲಿಯಲ್ಲಿ ಹಕೀಂ ಅಜ್ಮಲ್ ಖಾನರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿಯಲ್ಲಿ ಉದ್ಘಾಟಿಸಿದವರು ಗಾಂಧೀಜಿ. 1924ರಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಅವರು 21 ದಿನ ಉಪವಾಸ ಮಾಡಿದರು. ಉಪವಾಸ ಆರಂಭವಾದದ್ದು ಮೌಲಾನಾ ಮುಹಮ್ಮದ್ ಅಲಿಯವರ ಮನೆಯಲ್ಲಿ. ಆಗ ಅವರನ್ನು ನೋಡಿಕೊಂಡ ವೈದ್ಯರಲ್ಲಿ ಡಾ. ಅನ್ಸಾರಿಯವರು ಪ್ರಮುಖರು.

ಈಗ ನಮ್ಮ ಬೆಟ್ಟದ ಕಥೆಗೆ ಬರೋಣ. 1927ರಲ್ಲಿ ಗಾಂಧೀಜಿ ಖಾದಿ ಪ್ರಚಾರಕ್ಕಾಗಿ ಊರಿಂದ ಊರಿಗೆ ಸುತ್ತುತ್ತಿದ್ದರು. ಹಗಲೆಲ್ಲ ಸಭೆ, ರಾತ್ರಿ ಪ್ರಯಾಣ, ನಡುವೆ ರಾಶಿ ರಾಶಿ ಪತ್ರ. ಮಾರ್ಚ್ ಕೊನೆಯಲ್ಲಿ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಯ ಕಡೆ ಪ್ರವಾಸದಲ್ಲಿದ್ದಾಗ ದೇಹ ಸೋತಿತು. ಪರೀಕ್ಷಿಸಿದ ಡಾಕ್ಟರುಗಳು ರಕ್ತದೊತ್ತಡ ಏರಿರುವುದನ್ನು ಕಂಡರು. ಪ್ರವಾಸ ನಿಲ್ಲಿಸಿ ಪೂರ್ತಿ ವಿಶ್ರಾಂತಿ ಪಡೆಯಲೇಬೇಕೆಂದು ಹೇಳಿದರು. ರಾಜಾಜಿ ಮತ್ತು ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಂದಿಬೆಟ್ಟದಲ್ಲಿ ಏರ್ಪಾಡು ಮಾಡಿದರು. ಆಗ ಮೈಸೂರಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಗಾಂಧೀಜಿ ಮೈಸೂರು ಸಂಸ್ಥಾನದ ಅತಿಥಿಯಾದರು.

ಏಪ್ರಿಲ್ ಮೂರನೆಯ ವಾರದಿಂದ ಜೂನ್ ಮೊದಲ ವಾರದವರೆಗೆ, ಸುಮಾರು 45 ದಿನ ಅವರು ಬೆಟ್ಟದ ಮೇಲಿದ್ದರು. ಕೆಳಗೆ ಬಿಸಿಲು ಸುಡುತ್ತಿದ್ದರೆ, 4,800 ಅಡಿಗೂ ಎತ್ತರದ ಅಲ್ಲಿ ತಂಪು ಗಾಳಿ. ಮಿತವಾದ ಊಟ, ಸ್ವಲ್ಪ ನೂಲುವುದು, ಪತ್ರ ಬರೆಯುವುದು, ಬೇಕಾದಷ್ಟು ನಿದ್ದೆ. ಒಂದು ದಿನವೂ ಸುಮ್ಮನೆ ಕೂರದ ಮನುಷ್ಯನಿಗೆ ಇದು ಸುಲಭದ ಕೆಲಸವಲ್ಲ. ದೇಶದ ಕೆಲಸ ಕಾಯುತ್ತಿತ್ತು. ಆದರೂ ಅವರು ಅವಸರಪಟ್ಟು ಇಳಿದು ಓಡಲಿಲ್ಲ. ಜೂನ್‌ನಲ್ಲಿ ಬೆಂಗಳೂರಿಗೆ ಬಂದ ಮೇಲೂ ಆಗಸ್ಟ್ ಕೊನೆಯವರೆಗೆ ಕುಮಾರ ಪಾರ್ಕಿನ ಮನೆಯನ್ನೇ ನೆಲೆ ಮಾಡಿಕೊಂಡು, ಸ್ವಲ್ಪಸ್ವಲ್ಪವಾಗಿ ಕೆಲಸ ಹೆಚ್ಚಿಸಿಕೊಂಡರು. ಆ ಬಿಡುವಿನಲ್ಲೇ ಹೊಸೂರು ರಸ್ತೆಯ ಕಡೆಗಿದ್ದ ಇಂಪೀರಿಯಲ್ ಡೈರಿಗೆ ವಿದ್ಯಾರ್ಥಿಯಂತೆ ಹೋಗಿ ಹಸು ಸಾಕಣೆಯ ಪಾಠ ಕೇಳಿದರು.

ಆ ವಿಶ್ರಾಂತಿಯಿಂದ ಏನಾಯಿತು? ಮೂರು ವರ್ಷ ಕಳೆಯುವುದರೊಳಗೆ, 1930ರ ಮಾರ್ಚ್ 12ರಂದು, 60 ವರ್ಷದ ಗಾಂಧೀಜಿ ಸಾಬರಮತಿಯಿಂದ ಹೊರಟು 24 ದಿನಗಳಲ್ಲಿ ಸುಮಾರು 385 ಕಿಲೋಮೀಟರ್ ನಡೆದು ದಂಡಿ ತಲುಪಿದರು. ನಂದಿಯಲ್ಲಿ ಅವರು ದೇಹದ ಮಾತು ಕೇಳದೆ ಹೋಗಿದ್ದರೆ ಆ ಕಾಲುಗಳು ಅಷ್ಟು ದೂರ ನಡೆಯುತ್ತಿದ್ದವೋ ಇಲ್ಲವೋ!

ಆದರೂ ತಪ್ಪು ಮಾಡುವುದು ಅವರು ಪೂರ್ತಿ ಬಿಡಲಿಲ್ಲ. 1929ರಲ್ಲಿ ಬೇಯಿಸದ ಧಾನ್ಯವನ್ನೇ ತಿನ್ನುವ ಪ್ರಯೋಗ ಮಾಡಿ, ಹೊಟ್ಟೆ ಕೆಟ್ಟ ಮೇಲೆ ಕೈಬಿಟ್ಟರು. ಸೋತದ್ದನ್ನು ಬಚ್ಚಿಡದೆ ಬರೆದರು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಎರಡು ಹೊತ್ತು ನಡಿಗೆ, ಎಣ್ಣೆ ತಿಕ್ಕಿಸಿಕೊಂಡು ಸ್ನಾನ, ಮಿತವಾದ ಊಟ, ಹಗಲಿನಲ್ಲಿ ಚಿಕ್ಕ ನಿದ್ದೆ, ಸೋಮವಾರದ ಮೌನ, ಇವು ಅವರ ದಿನಚರಿಯಾದವು. 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ, ಆರೋಗ್ಯದ ಬಗೆಗಿನ ತಮ್ಮ ವಿಚಾರಗಳನ್ನು ಮತ್ತೊಮ್ಮೆ ಹೊಸದಾಗಿ ಬರೆದರು. 77ನೆಯ ವಯಸ್ಸಿನಲ್ಲಿ, ಗಲಭೆಯಿಂದ ನೊಂದ ನೌಖಾಲಿಯ ಹಳ್ಳಿಗಳಲ್ಲಿ ಬರಿಗಾಲಲ್ಲಿ ನಡೆದು ಜನರನ್ನು ಸಮಾಧಾನಪಡಿಸಿದರು. 1948ರ ಜನವರಿ 30ರಂದು ಅವರ ಪ್ರಾಣ ತೆಗೆದದ್ದು ಕಾಯಿಲೆಯಲ್ಲ, ಗುಂಡು.

ವಿದ್ಯಾರ್ಥಿಗಳೇ, ಪರೀಕ್ಷೆ ಹತ್ತಿರ ಬಂದಂತೆ ನಮ್ಮ ತರಗತಿಗಳಲ್ಲಿ ಮೊದಲ ಪೀರಿಯಡ್‌ಗೇ ಕೆಲವರ ತಲೆ ಬೆಂಚಿಗೆ ಒರಗುತ್ತದೆ. ರಾತ್ರಿ ಒಂದೂವರೆವರೆಗೆ ಓದು, ಇಲ್ಲವೇ ಮೊಬೈಲು. ಬೆಳಿಗ್ಗೆ ಬಸ್ಸು ತಪ್ಪೀತೆಂದು ತಿಂಡಿ ಬಿಟ್ಟು ಓಡುವುದು. ಮಧ್ಯಾಹ್ನ ಒಂದು ಚಿಪ್ಸ್ ಪೊಟ್ಟಣ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬೇರೆ. ದೇಹ ಸಾಲ ಕೊಡುತ್ತದೆ, ಆದರೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮಹಾತ್ಮರಿಗೂ ಅದು ವಿನಾಯಿತಿ ಕೊಡಲಿಲ್ಲ.

ಗಾಂಧೀಜಿ ಸಸ್ಯಾಹಾರಿ. ನಮ್ಮ ಮನೆಗಳ ಊಟ ಬೇರೆ ಬೇರೆ. ಅವರ ತಟ್ಟೆಯನ್ನೇ ನಕಲು ಮಾಡಬೇಕಿಲ್ಲ, ಅವರ ಉಪವಾಸ, ಪ್ರಯೋಗಗಳನ್ನಂತೂ ಮಾಡಲೇಬಾರದು. ಕಲಿಯಬೇಕಾದದ್ದು ಮಿತ, ನಿಯಮ ಮತ್ತು ತಪ್ಪನ್ನು ತಿದ್ದಿಕೊಳ್ಳುವ ಗುಣ. ಇದಕ್ಕೆ ದುಬಾರಿ ಪೌಡರ್ ಡಬ್ಬಿಗಳು ಬೇಡ. ನಮ್ಮ ಹೊಲದ ರಾಗಿ, ಹುರುಳಿಕಾಳು, ಅವರೆಕಾಳು, ಸೊಪ್ಪು, ಒಂದು ಮೊಟ್ಟೆ, ಕಾಲಕ್ಕೆ ಸಿಗುವ ದೇವನಹಳ್ಳಿ ಚಕ್ಕೋತ ಸಾಕು. ಊಟಕ್ಕೆ ಮುಂಚೆ ಕೈ ತೊಳೆಯುವುದು, ಮಲಗುವ ಮುಂಚೆ ಹಲ್ಲುಜ್ಜುವುದು, ಸಂಜೆ ಅರ್ಧ ಗಂಟೆ ನಡಿಗೆ, ರಾತ್ರಿ ಏಳೆಂಟು ಗಂಟೆ ನಿದ್ದೆ, ಇಷ್ಟಕ್ಕೆ ಕಾಸು ಖರ್ಚಿಲ್ಲ.

ದೇಹ ನಮಗೆ ಒಪ್ಪಿಸಿರುವ ಅಮಾನತ್ತು. ಅದನ್ನು ನೋಡಿಕೊಳ್ಳುವುದು ಸ್ವಾರ್ಥವೂ ಅಲ್ಲ, ಸೋಮಾರಿತನವೂ ಅಲ್ಲ. ಮುಂದಿನ ಸಲ ನಂದಿಬೆಟ್ಟಕ್ಕೆ ಹೋದಾಗ ಸೆಲ್ಫಿ ತೆಗೆದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತು, ದೇಶದ ಕೆಲಸವನ್ನೇ ಬದಿಗಿಟ್ಟು ಇಲ್ಲಿ ವಿಶ್ರಾಂತಿ ಪಡೆದ ಆ ರೋಗಿಯನ್ನು ನೆನೆಯಿರಿ. ಆ ದಿನ ರಾತ್ರಿ ಹತ್ತಕ್ಕೆ ದೀಪ ಆರಿಸಿ ಮಲಗಿರಿ.